ಕೋಳಿಮರಿ ಎಲ್ಲಿ ಮಲಗಬೇಕು

ಹೋದ ವಾರ ಖಾಸಬಾಗದ ಸಂತೆಯಲ್ಲಿ ನಾನು ಯಾರದೋ ಕೂಸಿನ ಎದುರು ಕಪ್ಪೆಯಾದೆ. ಅದರ ತಾಯಿ ಮೆಂತ್ಯದ ಸಿವುಡು ಆರಿಸುತ್ತಿದ್ದಳು. ಕೂಸು ಅವಳ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಅಷ್ಟೇ ಸಾಕಾಯಿತು. ಗಲ್ಲ ಉಬ್ಬಿಸಿ, ಕಣ್ಣು ಹೊರಳಿಸಿ, 'ವಟರ್' ಅಂದುಬಿಟ್ಟೆ. ಕೂಸು ಬೊಚ್ಚು ಬಾಯಿ ತೆರೆದು ನಕ್ಕಿತು. ತಾಯಿ ತಿರುಗಿ ನೋಡುವಷ್ಟರಲ್ಲಿ ನಾನು ಬದನೆಕಾಯಿ ಹಿಚುಕಿ ನೋಡುವವಳಂತೆ ಬಗ್ಗಿದ್ದೆ. ನಮ್ಮ ಯಜಮಾನರು ಮಾತ್ರ ಕೈಚೀಲ ಹಿಡಿದುಕೊಂಡು ಮೆಲ್ಲಗೆ ಎರಡು ಅಂಗಡಿ ಆಚೆ ಸರಿದು, ಈ ಹೆಂಗಸು ಯಾರೋ ಏನೋ ಎಂಬಂತೆ ನಿಂತಿದ್ದರು. ಮನೆಗೆ ಬರುವಾಗ ಸ್ಕೂಟರಿನ ಮೇಲೆ ಅವರು ಹೇಳಿದ್ದು ಇಷ್ಟೇ: "ಮದುವಿ ಆದಾಗ ನೀ ಹಿಂಗ ಇರಲಿಲ್ಲ."

ಖರೇ, ಇರಲಿಲ್ಲ. ನಮ್ಮ ಓಣಿಯಲ್ಲಿ ಮಗ್ಗಗಳಿವೆ. ಬೆಳಗಾದರೆ ಖಟಪಟ ಶುರು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಇಡೀ ಓಣಿಯವರ ಗಂಟಲು ದೊಡ್ಡದಾಗಿದೆ. ಯಾರಾದರೂ ಗುಟ್ಟು ಹೇಳಿದರೆ ನಾಲ್ಕು ಮನೆಗೆ ಕೇಳುತ್ತದೆ. ಅಂಥ ಓಣಿಗೆ ಸೊಸೆಯಾಗಿ ಬಂದ ನಾನು ಮಾತ್ರ ಬಳೆಯ ಸದ್ದಿನಲ್ಲೇ ಅರ್ಧ ಸಂಸಾರ ಮಾಡಿದೆ. ಅತ್ತೆ ಕರೆದರೆ ಬಳೆ ಆಡಿಸಿದರೆ ಆಯಿತು, ಬರುತ್ತಿದ್ದೇನೆ ಅಂತ ಅರ್ಥ. ಯಜಮಾನರಿಗೆ ಊಟ ತಯಾರಾಗಿದೆ ಅಂತ ಹೇಳಲು ತಾಟು ಇಟ್ಟ ಸದ್ದು ಸಾಕು. ಹೀಗೆ ವರ್ಷಗಟ್ಟಲೆ ಪಾತ್ರೆ ಪಗಡೆಗಳೇ ನನ್ನ ಪರವಾಗಿ ಮಾತಾಡುತ್ತಿದ್ದವು.

ಮಗಳು ಓದಲಿಕ್ಕೆ ಧಾರವಾಡದ ಹಾಸ್ಟೆಲ್ಲಿಗೆ ಹೋದ ವರ್ಷ ನನ್ನ ಮಧ್ಯಾಹ್ನಗಳು ಬಹಳ ಉದ್ದವಾದವು. ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕುವಷ್ಟು ಉದ್ದ. ಆಗ ಮಗಳೇ ಎಲ್ಲೋ ವಿಚಾರಿಸಿ, ಸಣ್ಣ ಮಕ್ಕಳಿಗೆ ಕಲಿಸುವ ಶಿಕ್ಷಕಿಯರ ತರಬೇತಿಗೆ ಬೆಳಗಾವಿಯಲ್ಲೇ ನನ್ನನ್ನು ಸೇರಿಸಿದಳು. ನಲವತ್ತು ದಾಟಿದ ನಾನು ಮೊದಲ ದಿನ ತರಗತಿಗೆ ಹೋದಾಗ ಹುಡುಗಿಯರೆಲ್ಲ ಎದ್ದು ನಿಂತರು. ನಾನೇ ಕಲಿಸುವವಳು ಅಂದುಕೊಂಡಿದ್ದರು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತ ಮೇಲೆ ಅವರಿಗೆ ನಿರಾಳವಾಯಿತು, ನನಗೆ ಬೆವರು ಬಂತು. ಪಕ್ಕದಲ್ಲಿದ್ದ ರೇಷ್ಮಾ ಎಂಬ ಪೀರನವಾಡಿಯ ಹುಡುಗಿ ಅರ್ಧ ಬಿಸ್ಕಿಟ್ ಮುರಿದು ಕೊಟ್ಟು, ಅಂದಿನಿಂದ ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ, ಅಂತ ಕರೆಯತೊಡಗಿದಳು. ಆಮೇಲೆ ಇಡೀ ತರಗತಿಗೆ ನಾನು ಕಾಕುವೇ ಆದೆ.

ನಮಗೆ ಕಲಿಸುತ್ತಿದ್ದವರು ಸುಮಿತ್ರಾ ಬಾಯಿ. ಬಾಯಿ ಅಂದರೆ ನಮ್ಮ ಕಡೆ ಶಿಕ್ಷಕಿ. ಗಂಜಿ ಹಾಕಿದ ಕಾಟನ್ ಸೀರೆ, ಮೆತ್ತಗಿನ ಮಾತು, ಆದರೆ ಆ ಮೆತ್ತಗಿನ ಮಾತು ನೇರವಾಗಿ ಹೋಗಿ ಬೇಕಾದಲ್ಲೇ ಚುಚ್ಚುತ್ತಿತ್ತು. ಅವರು ಒಂದು ದಿನ ಒಬ್ಬೊಬ್ಬರ ಕೈಗೂ ಒಂದೊಂದು ಚಿತ್ರದ ಪುಸ್ತಕ ಕೊಟ್ಟು ಓದಿ ಅಂದರು. ನಾನು ಚಹಾ ಕುಡಿಯುವುದಕ್ಕಿಂತ ಬೇಗ ಮುಗಿಸಿ ಮುಚ್ಚಿಟ್ಟೆ. ಒಂದು ಪುಟಕ್ಕೆ ಒಂದೇ ಸಾಲು, ಅದರಲ್ಲಿ ಓದುವುದೇನಿದೆ? ಬಾಯಿ ನನ್ನ ಹತ್ತಿರ ಬಂದು, ಅಕ್ಷರ ಓದಿದ್ದಾಯಿತು, ಇನ್ನು ಪುಸ್ತಕ ಓದಿ ಅಂದರು. ನನಗೆ ಅರ್ಥವಾಗಲಿಲ್ಲ. ಅರ್ಥವಾದವಳಂತೆ ತಲೆಯಾಡಿಸಿದೆ, ಅದು ನನಗೆ ಚೆನ್ನಾಗಿ ಬರುತ್ತಿತ್ತು.

ನನ್ನ ತಪ್ಪೂ ಅಲ್ಲ ಅನ್ನಿ. ನಾನು ಬೆಳೆದ ಬೈಲಹೊಂಗಲದ ಕಡೆಯ ಹಳ್ಳಿಯಲ್ಲಿ ಚಿತ್ರ ಅಂದರೆ ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ವರ್ಷ ಮುಗಿದ ಮೇಲೆ ಅದನ್ನು ಕತ್ತರಿಸಿ ನಮ್ಮ ಶಾಲೆ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದರು. ಅಣ್ಣ ದೊಡ್ಡವನು, ಅವನ ಪುಸ್ತಕಕ್ಕೆ ದೇವರ ಮುಖ. ನನ್ನ ಗಣಿತದ ಪುಸ್ತಕಕ್ಕೆ ಬಂದದ್ದು ದೇವರ ಪಾದ ಮತ್ತು ನವಿಲಿನ ಅರ್ಧ ಬಾಲ. ಲೆಕ್ಕ ತಿಳಿಯದಾಗಲೆಲ್ಲ ಆ ಬಾಲ ನೋಡುತ್ತ, ಉಳಿದ ನವಿಲು ಹೇಗಿರಬಹುದು ಅಂತ ಯೋಚಿಸುತ್ತ ಕೂಡುತ್ತಿದ್ದೆ. ಅದರಿಂದಾಗಿ ಲೆಕ್ಕ ಇವತ್ತಿಗೂ ತಿಳಿದಿಲ್ಲ, ನವಿಲು ಚೆನ್ನಾಗಿ ಗೊತ್ತು. ಇನ್ನೊಂದು ಚಿತ್ರ ಚಹಾಪುಡಿ ಡಬ್ಬಿಯ ಮೇಲೆ ಇತ್ತು, ಬುಟ್ಟಿ ಹೊತ್ತ ಹೆಂಗಸು. ಅವಳಿಗೆ ತಂಗೆವ್ವ ಅಂತ ಹೆಸರಿಟ್ಟಿದ್ದೆ. ಡಬ್ಬಿಗೆ ತುಕ್ಕು ಹಿಡಿದು ತಂಗೆವ್ವನ ಮುಖ ಹೋದಾಗ ನನಗೆ ಊಟ ಸೇರಲಿಲ್ಲ. ಅವ್ವ ದೃಷ್ಟಿ ತೆಗೆದಳು.

ನನ್ನ ಪಾಲಿಗೆ ಬಂದ ಪುಸ್ತಕದಲ್ಲಿ ಒಂದು ಕೋಳಿಮರಿ ಇತ್ತು. ಅದಕ್ಕೆ ನಿದ್ದೆ ಬಂದಿದೆ, ಮಲಗಲು ಜಾಗ ಬೇಕು. ಎಮ್ಮೆಯ ಹತ್ತಿರ ಹೋಗಿ 'ನಾ ಇಲ್ಲಿ ಮಲಗಲೇನು?' ಅನ್ನುತ್ತದೆ. ಎಮ್ಮೆ ತನ್ನ ದನಿ ತೆಗೆದು ಒಲ್ಲೆ ಅನ್ನುತ್ತದೆ. ಹಾಗೇ ನಾಯಿ ಒಲ್ಲೆ ಅನ್ನುತ್ತದೆ, ಬೆಕ್ಕು ಒಲ್ಲೆ ಅನ್ನುತ್ತದೆ, ಕಪ್ಪೆಯೂ ಒಲ್ಲೆ ಅನ್ನುತ್ತದೆ. ಕೊನೆಗೆ ತಾಯಿ ಕೋಳಿ ರೆಕ್ಕೆ ಎತ್ತಿ ಒಳಗೆ ಕರೆದುಕೊಳ್ಳುತ್ತದೆ. ಇಷ್ಟೇ ಕಥೆ. ಈ ಪುಸ್ತಕವನ್ನು ನಾನು ಖಾನಾಪುರದ ಒಂದು ಬಾಲವಾಡಿಯಲ್ಲಿ ಓದಬೇಕಿತ್ತು. ನಮಗೆ ಅಭ್ಯಾಸಕ್ಕೆಂದು ಇಬ್ಬಿಬ್ಬರನ್ನು ಒಂದೊಂದು ಕಡೆ ಹಾಕಿದ್ದರು. ನನಗೆ ಜೋಡಿ ರೇಷ್ಮಾ.

ಬೆಳಿಗ್ಗೆ ನಾನು ಬೆಳಗಾವಿಯಲ್ಲಿ ಬಸ್ಸು ಹತ್ತಿ ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟು ಕೂಡುತ್ತಿದ್ದೆ, ಪೀರನವಾಡಿಯಲ್ಲಿ ರೇಷ್ಮಾ ಏರುತ್ತಿದ್ದಳು. ಖಾನಾಪುರದಲ್ಲಿ ಇಳಿದು ಸ್ವಲ್ಪ ನಡೆದರೆ ಹೆಂಚಿನ ಮನೆಯೊಂದರಲ್ಲಿ ಬಾಲವಾಡಿ. ಅದನ್ನು ನಡೆಸುತ್ತಿದ್ದವರು ಶಾಂತಕ್ಕ. ಮಕ್ಕಳು ಎರಡು, ಮೂರು ವರ್ಷದವರು, ಬಹಳ ಜನರ ಮನೆಮಾತು ಮರಾಠಿ. ನಾನು ಎಮ್ಮೆ ತೋರಿಸಿ ಇದು ಎಮ್ಮಿ ಅಂದರೆ, ಮುಂದೆ ಕೂತ ಪೋರ ಗಂಭೀರವಾಗಿ "ಮ್ಹೈಸ" ಅಂದ. ಎಮ್ಮಿ ಅಂದೆ. ಮ್ಹೈಸ ಅಂದ. ನಾವಿಬ್ಬರೂ ಹಟಕ್ಕೆ ಬಿದ್ದಾಗ ರೇಷ್ಮಾ ನಡುವೆ ಬಂದು, ಎರಡೂ ಹೆಸರಿನಿಂದ ಕರೆದರೂ ಅದು ಹಾಲು ಕೊಡುತ್ತದೆ ಅಂತ ರಾಜಿ ಮಾಡಿಸಿದಳು.

ಅಷ್ಟು ಸಣ್ಣ ಮಕ್ಕಳು ಪುಸ್ತಕವನ್ನು ಹೇಗೆ ಓದುತ್ತಾರೆ ಅಂತ ನೀವು ನೋಡಿರಲಿಕ್ಕಿಲ್ಲ. ಮೊದಲು ಹಲ್ಲಿನಿಂದ ಓದುತ್ತಾರೆ. ಮೂಲೆ ಮೆತ್ತಗಾದ ಮೇಲೆ ಕಾಲಿನಿಂದ. ಒಬ್ಬ ಎಮ್ಮೆಯ ಮುಖ ನೋಡಿ, ಪುಟ ತಿರುಗಿಸಿ ಹಿಂದೆ ಅದರ ಬಾಲ ಹುಡುಕಿದ. ಅಲ್ಲಿ ನಾಯಿ ಇದ್ದದ್ದು ಅವನಿಗೆ ಶುದ್ಧ ಮೋಸ ಅನ್ನಿಸಿತು. ಇನ್ನೊಬ್ಬಳು ಬೆಕ್ಕಿಗೆ ತನ್ನ ಡಬ್ಬಿಯ ಅವಲಕ್ಕಿ ತಿನ್ನಿಸಿದಳು. ಆ ಪುಟ ಇವತ್ತಿಗೂ ಎಣ್ಣೆಯಲ್ಲಿ ಹೊಳೆಯುತ್ತಿರಬೇಕು.

ನನ್ನ ಮೊದಲ ಓದನ್ನು ನೋಡಲು ಸುಮಿತ್ರಾ ಬಾಯಿ ಬಂದಿದ್ದರು. ನಾನು ತಪ್ಪಿಲ್ಲದೆ ಓದಿದೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋದರು. ತಾಯಿ ಕೋಳಿ ರೆಕ್ಕೆ ಎತ್ತುವ ಹೊತ್ತಿಗೆ ಎದುರಿಗೆ ಉಳಿದಿದ್ದವನು ನಿದ್ದೆ ಹೋಗಿದ್ದ ಒಬ್ಬನೇ. ಮುಗಿದ ಮೇಲೆ ಬಾಯಿ ನನ್ನನ್ನು ಅಂಗಳಕ್ಕೆ ಕರೆದು ಮೆತ್ತಗೆ ಹೇಳಿದರು, "ಓದಿದ್ದು ಚಲೋ ಇತ್ತ್ರಿ. ಆದ್ರ ಎಮ್ಮಿ, ನಾಯಿ, ಕಪ್ಪಿ, ಎಲ್ಲಾ ಒಂದ ಮನಿ ಸೊಸಿಯರಂಗ ಮಾತಾಡಿದ್ವು." ಇನ್ನೊಮ್ಮೆ ಬರುತ್ತೇನೆ, ಅವತ್ತೂ ಹೀಗೇ ಆದರೆ ಪಾಸು ಮಾಡುವುದು ಕಷ್ಟ ಅಂತ ಹೇಳಿ ಹೋದರು.

ಮರಳಿ ಬರುವಾಗ ಬಸ್ಸಿನಲ್ಲಿ ತರಬೇತಿ ಬಿಟ್ಟುಬಿಡುವುದೇ ಸರಿ ಅನ್ನಿಸಿತ್ತು. ನಾಲ್ಕು ಮಂದಿ ಎದುರು ಎಮ್ಮೆಯಂತೆ ಕೂಗುವುದು ಹುಡುಗಾಟದ ಮಾತಲ್ಲ. ಆದರೆ ರೇಷ್ಮಾ ಬಿಡಲಿಲ್ಲ. ಮಾರನೆಯ ದಿನದಿಂದ ಬಸ್ಸೇ ನಮ್ಮ ಪಾಠಶಾಲೆಯಾಯಿತು. ಅವಳು ನಾಯಿಯಾದರೆ ನಾನು ಕೋಳಿಮರಿ, ನಾನು ಕಪ್ಪೆಯಾದರೆ ಅವಳು ಬೆಕ್ಕು. ಮೊದಮೊದಲು ನನ್ನ ಕಪ್ಪೆಗೆ ನೆಗಡಿಯಾದಂತಿತ್ತು. ಮುಂದಿನ ಸೀಟಿನ ಅಜ್ಜಿಯೊಬ್ಬಳು ಹಿಂದೆ ತಿರುಗಿ, ಬಸ್ಸು ಆಗಿಬರುವುದಿಲ್ಲ ಅಂದರೆ ಕಿಟಕಿ ಕಡೆ ಕೂಡಬೇಕು ಅಂತ ಹೇಳಿ ನಿಂಬೆಹಣ್ಣು ಕೊಟ್ಟಳು. ನಾನು ಅದನ್ನು ಮೂಸುತ್ತ ಖಾನಾಪುರದವರೆಗೂ ಸುಮ್ಮನೆ ಕೂತೆ. ರೇಷ್ಮಾ ಮುಖಕ್ಕೆ ದುಪಟ್ಟಾ ಮುಚ್ಚಿಕೊಂಡು ನಗುತ್ತಿದ್ದಳು.

ಎಮ್ಮೆ ಮಾತ್ರ ಬಸ್ಸಿನಲ್ಲಿ ಸಾಧ್ಯವಿರಲಿಲ್ಲ. ಅದಕ್ಕೆ ಹೊಟ್ಟೆಯಿಂದ ದನಿ ಬೇಕು. ಅದನ್ನು ನಾನು ಮನೆಯಲ್ಲಿ, ಅತ್ತೆ ಲಿಂಗಪೂಜೆ ಮುಗಿಸಿ ಪಡಸಾಲೆಗೆ ಹೋದ ಮೇಲೆ, ಅಡುಗೆಮನೆ ಬಾಗಿಲು ಮುಚ್ಚಿಕೊಂಡು ಕಲಿಯುತ್ತಿದ್ದೆ. ಹೊರಗೆ ಮಗ್ಗದ ಸದ್ದು, ಒಳಗೆ ಕುಕ್ಕರಿನ ಸದ್ದು, ಯಾರಿಗೂ ಕೇಳುವುದಿಲ್ಲ ಅಂತ ಧೈರ್ಯ. ಒಂದು ದಿನ ಕುಕ್ಕರು ಕೂಗಿ ಮುಗಿಸಿತ್ತು, ಅದೇ ಹೊತ್ತಿಗೆ ಕರೆಂಟು ಹೋಗಿ ಮಗ್ಗಗಳೂ ನಿಂತವು. ನಾನು ಕಣ್ಣು ಮುಚ್ಚಿ ಪೂರ್ತಿ ಹೊಟ್ಟೆಯಿಂದ ಕೂಗಿದೆ. ಕಣ್ಣು ತೆರೆದಾಗ ಹಿತ್ತಲ ಬಾಗಿಲಲ್ಲಿ ಅತ್ತೆ ಕೋಲು ಹಿಡಿದು ನಿಂತಿದ್ದರು. ಯಾರದೋ ಎಮ್ಮೆ ಹಿತ್ತಲಿಗೆ ನುಗ್ಗಿ ಕರಿಬೇವಿನ ಗಿಡ ತಿನ್ನುತ್ತಿದೆ ಅಂತ ಓಡಿ ಬಂದಿದ್ದರಂತೆ. ಅವರು ಹಿತ್ತಲು ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಿತ್ತಲು ನೋಡಿದರು. ಅವರಿಂದ ನಾನು ಅಷ್ಟು ವರ್ಷಗಳಲ್ಲಿ ಪಡೆದ ಅತಿ ದೊಡ್ಡ ಮೆಚ್ಚುಗೆ ಆ ಕೋಲು. ವಿಷಯ ತಿಳಿದ ಮೇಲೆ ಕಥೆ ಏನು ಅಂತ ಕೇಳಿದರು. ಹೇಳಿದೆ. ಕೋಳಿಮರಿಗೆ ಜಾಗ ಕೊಡದ ಬೆಕ್ಕಿನ ಮೇಲೆ ಅವರಿಗೆ ಸಿಟ್ಟು ಬಂತು. ಆ ಸಿಟ್ಟನ್ನು ನಮ್ಮ ಓಣಿಯ ಬೆಕ್ಕಿನ ಮೇಲೆ ಬಹಳ ದಿನ ತೀರಿಸಿಕೊಂಡರು.

ಹೀಗೆ ನನ್ನ ದನಿ ಕುದುರಿತು. ಪುಟ ತಿರುಗಿಸಿದಾಗಲೆಲ್ಲ ಪುಸ್ತಕ ಎತ್ತಿ 'ಕಾಣತೈತೇನು?' ಅಂತ ಎಲ್ಲರಿಗೂ ತೋರಿಸುತ್ತಿದ್ದೆ. ಬಾಲವಾಡಿಯಲ್ಲಿ ನಾನು ಎಮ್ಮೆಯಾದರೆ ಮಕ್ಕಳು ಕಿರುಚಿ ಹಿಂದೆ ಸರಿದು ಮತ್ತೆ ಮುಂದೆ ಬಂದು ಮೈಮೇಲೆ ಬೀಳುತ್ತಿದ್ದರು. ಕಥೆ ಮುಗಿದರೆ "ಪರತ", ಅಂದರೆ ಇನ್ನೊಮ್ಮೆ. ಒಬ್ಬಳನ್ನು ಬಿಟ್ಟು.

ಅವಳ ಹೆಸರು ಆರೋಹಿ. ಆಗ ಎರಡೂವರೆ ವರ್ಷ ಇರಬೇಕು. ಗಟ್ಟಿಯಾಗಿ ಹೆಣೆದ ಎರಡು ಪುಟ್ಟ ಜಡೆ, ತನಗಿಂತ ದೊಡ್ಡ ಫ್ರಾಕು. ಅವಳು ದಿನಾ ಬರುತ್ತಿದ್ದಳು, ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನಾನು ಪುಸ್ತಕ ತೆಗೆದರೆ ಸಾಕು, ಎದ್ದು ಹೋಗಿ ನೀರಿನ ಫಿಲ್ಟರಿನ ಎದುರು, ನನಗೆ ಬೆನ್ನು ಮಾಡಿ ಕೂಡುತ್ತಿದ್ದಳು. ಕಥೆ ಮುಗಿಯುವವರೆಗೂ ಅಲ್ಲಾಡುತ್ತಿರಲಿಲ್ಲ. ನಾನು ಜಾಗ ಬದಲಿಸಿ ಅವಳ ಬಾಜು ಹೋಗಿ ಕೂತರೆ ಮೈ ಬಿಗಿಹಿಡಿದು ಮುಖ ಮೊಣಕಾಲಿನಲ್ಲಿ ಹುದುಗಿಸುತ್ತಿದ್ದಳು. ಶಾಂತಕ್ಕನಿಗೆ ಕಿವಿಯದೇ ತೊಂದರೆ ಇರಬಹುದು ಅಂತ ಅನುಮಾನ, ತಾಯಿಗೆ ಹೇಳಿ ಬೆಳಗಾವಿಯಲ್ಲಿ ತೋರಿಸಬೇಕು ಅನ್ನುತ್ತಿದ್ದರು. ನನಗೂ ಕಳವಳವಾಗಿತ್ತು. ರೇಷ್ಮಾ ಒಂದು ದಿನ ಸುಮ್ಮನೆ ಅವಳ ಹಿಂದೆ ಹೋಗಿ ನಿಂತು ಬಿಸ್ಕಿಟ್ ಪುಡಿಕೆ ಬಿಚ್ಚಿದಳು. ಅದರ ಸಣ್ಣ ಸರಸರ ಸದ್ದಿಗೆ ಆರೋಹಿ ಥಟ್ಟನೆ ತಿರುಗಿ ಕೈ ಚಾಚಿದಳು. ಕಿವಿ ನಮ್ಮೆಲ್ಲರಿಗಿಂತ ಚುರುಕಾಗಿತ್ತು. ಅಂದರೆ ಅವಳಿಗೆ ಬೇಡವಾಗಿದ್ದದ್ದು ನನ್ನ ಕಥೆ ಮಾತ್ರ. ನಿಜ ಹೇಳುತ್ತೇನೆ, ಅದರಿಂದ ನನಗೆ ಇನ್ನೂ ಹೆಚ್ಚು ನೋವಾಯಿತು.

ಸುಮಿತ್ರಾ ಬಾಯಿ ಎರಡನೆಯ ಸಲ ಬಂದ ದಿನ ನಾನು ಎಲ್ಲ ಪ್ರಾಣಿಗಳನ್ನೂ ಹೊಟ್ಟೆ ತುಂಬ ಕೂಗಿಸಿದೆ. ಮಕ್ಕಳು ನನ್ನ ಮೊಣಕಾಲಿಗೆ ಅಂಟಿಕೊಂಡಿದ್ದರು. ಬಾಯಿ ಹೋದ ಸಲದಂತೆ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತರು, ಆದರೆ ಅವತ್ತು ಎಲ್ಲಿ ಅಂದರೆ ಆರೋಹಿಯ ಪಕ್ಕದಲ್ಲಿ. ಎಲ್ಲ ಬಿಟ್ಟು ಆ ಬೆನ್ನೇ ಅವರ ಕಣ್ಣಿಗೆ ಬಿತ್ತಲ್ಲ ಅನ್ನಿಸಿತು. ಓದಿನ ನಡುವೆ ನೋಡುತ್ತೇನೆ, ಬಾಯಿ ಕೂಡ ನನಗೆ ಬೆನ್ನು ಮಾಡಿ ಕೂತಿದ್ದಾರೆ. ನನ್ನ ಕಪ್ಪೆ ಗಂಟಲಲ್ಲೇ ಸಿಕ್ಕಿಕೊಂಡಿತು. ಹೇಗೋ ಮುಗಿಸಿದೆ.

ಬಾಯಿ ನನ್ನನ್ನು ಕರೆದು, ಆರೋಹಿ ಎದ್ದುಹೋದ ಜಾಗದಲ್ಲಿ ಕೂಡಿಸಿದರು. ರೇಷ್ಮಾಳಿಗೆ ಪುಸ್ತಕ ಹಿಡಿಯಲು ಹೇಳಿದರು. ಎದುರಿಗೆ ನೀರಿನ ಫಿಲ್ಟರು, ಶಾಂತಕ್ಕ ದಿನಾ ಬೂದಿ ಹಚ್ಚಿ ತಿಕ್ಕುತ್ತಿದ್ದ ಸ್ಟೀಲಿನದು. ಅದರ ದುಂಡು ಹೊಟ್ಟೆಯಲ್ಲಿ ಇಡೀ ಬಾಲವಾಡಿ ಇತ್ತು. ಬಾಗಿಲು, ಬಾಗಿಲಾಚೆಯ ಬಿಸಿಲು, ಮಕ್ಕಳ ತಲೆಗಳು, ನಡುವೆ ಬೊಂಬೆಯಷ್ಟು ಚಿಕ್ಕ ರೇಷ್ಮಾ, ಅವಳ ಕೈಯಲ್ಲಿ ಬೆರಳಿನ ಉಗುರಿನಷ್ಟು ಪುಸ್ತಕ. ರೇಷ್ಮಾ ಪುಟ ತಿರುಗಿಸಿದರೆ ಅಲ್ಲೂ ತಿರುಗುತ್ತಿತ್ತು. ಅವಳು ಮುಂದೆ ಬಗ್ಗಿ ಎಮ್ಮೆಯಾದಾಗ ಮೂಗು ಮಾತ್ರ ಆಲೂಗಡ್ಡೆಯಾಗಿ ಉಬ್ಬಿ ಮುಂದೆ ಬಂತು. ನಾನು ನಕ್ಕುಬಿಟ್ಟೆ. ನನ್ನ ಮೂಗು ಇಷ್ಟು ದಿನ ಇನ್ನೆಷ್ಟು ದೊಡ್ಡದಾಗಿ ಕಂಡಿರಬೇಕು.

"ನೇರ ನೋಡಿದ್ರ ನೀವು ಅಕಿಗೆ ಭಾಳ ದೊಡ್ಡವರು," ಅಂದರು ಬಾಯಿ. "ಇದರಾಗ ಅಳತಿಗೆ ಬರ್ತೀರಿ."

ನಾನು ಪಾಸಾದೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಈಗ ಬೆಳಗಾವಿಯ ಒಂದು ಬಾಲವಾಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ, ನಮ್ಮಲ್ಲಿಯ ಫಿಲ್ಟರು ಪ್ಲಾಸ್ಟಿಕ್ಕಿನದು ಎಂಬ ಒಂದೇ ಕೊರತೆ. ಆದರೆ ಅವತ್ತಿನ ಮಾತು ಇನ್ನೂ ಮುಗಿದಿಲ್ಲ. ಸಂಜೆ ಮಕ್ಕಳನ್ನು ಕರೆದೊಯ್ಯುವ ಹೊತ್ತಿಗೆ ಆರೋಹಿಯ ತಾಯಿ ಬಂದಳು. ಸೀರೆಯ ಮೇಲೆ ಗಂಡನ ಅಂಗಿ ತೊಟ್ಟು, ಕೈಗೆ ಹಿಂಡಿ ಮೆತ್ತಿಕೊಂಡು, ಕೊಟ್ಟಿಗೆಯಿಂದ ನೇರವಾಗಿ ಬಂದವಳು. ಬರುತ್ತಲೇ ಮರಾಠಿ ಕನ್ನಡ ಎರಡನ್ನೂ ಕಲಸಿ ದೂರು ಹೇಳಿದಳು. ಮಗಳು ಮನೆಯಲ್ಲಿ ಎಮ್ಮೆಯ ಕರುವನ್ನು ಹಾಲು ಕುಡಿಯಲು ಬಿಡುತ್ತಿಲ್ಲವಂತೆ. ದಿನಾ ಸಂಜೆ ಅದರ ಎದುರು ಏನೋ ಹಿಡಿದುಕೊಂಡು ಕೂಡುತ್ತಾಳೆ, ಕರು ಎದ್ದರೆ ಗದರಿಸಿ ಕೂಡಿಸುತ್ತಾಳೆ, ಬಿಡಿಸಲು ಹೋದರೆ ಅಳುತ್ತಾಳೆ, ಎಮ್ಮೆ ಬೇರೆ ಒದರುತ್ತದೆ. ಇದನ್ನೆಲ್ಲ ನೀವೇ ಕಲಿಸಿದ್ದು, ನೀವೇ ಬಂದು ಬಿಡಿಸಿ ಅಂದಳು. ಸಿಟ್ಟಿನಿಂದಲೇ ಅಂದಳು, ಆದರೆ ಹೇಳುತ್ತ ಹೇಳುತ್ತ ಅವಳ ತುಟಿಯ ತುದಿ ನಗುತ್ತಿತ್ತು.

ಮನೆ ಹತ್ತಿರವೇ ಇತ್ತು. ಆರೋಹಿ ಮುಂದೆ ಓಡಿಹೋದಳು; ಬಾಯಿ, ರೇಷ್ಮಾ, ನಾನು ಮೂವರೂ ತಾಯಿಯ ಹಿಂದೆ ಹೋದೆವು. ನಮ್ಮನ್ನು ನೋಡಿದರೆ ಸುಮ್ಮನಾಗುತ್ತಾಳೆ ಅಂತ ತಾಯಿ ನಮ್ಮನ್ನು ಹುಲ್ಲಿನ ಬಣವೆಯ ಹಿಂದೆ ನಿಲ್ಲಿಸಿದಳು. ಬಾಯಿಯವರ ಗಂಜಿಯ ಸೀರೆಗೆ ಹುಲ್ಲು ಅಂಟಿತು, ಅವರು ಅದನ್ನು ಗಮನಿಸಲೂ ಇಲ್ಲ.

ಆರೋಹಿ ಒಂದು ಒಡೆದ ಹೆಂಚಿನ ತುಂಡು ಹಿಡಿದು ಕರುವಿನ ಎದುರು ಕೂತಿದ್ದಳು. ಮೊದಲು ಸಣ್ಣಗೆ ಕೆಮ್ಮಿದಳು. ನಾನು ಓದುವ ಮುಂಚೆ ಕೆಮ್ಮುತ್ತೇನೆ ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. ಆಮೇಲೆ ಇಲ್ಲದ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು, ನಾನು ಮಾಡುವಂತೆಯೇ ಇಲ್ಲದ ಚಷ್ಮಾ ಮೇಲೇರಿಸಿದಳು. ಹೆಬ್ಬೆರಳನ್ನು ನಾಲಗೆಗೆ ಹಚ್ಚಿ ಹೆಂಚಿನ ಪುಟ ತಿರುಗಿಸಿದಳು. ಬೆರಳು ನೆಕ್ಕಬೇಡಿ ಅಂತ ಹೇಳಿದ್ದೆನಲ್ಲ ಅಂತ ಬಾಯಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ರೇಷ್ಮಾ ನಗು ತಡೆಯಲು ದುಪಟ್ಟಾ ಕಚ್ಚಿ ಹಿಡಿದಿದ್ದಳು.

"ನಾ ಇಲ್ಲಿ ಮಲಗಲೇನು?" ಅಂದಳು ಆರೋಹಿ. ಒಂದು ಮಾತೂ ಆಡದ ಹುಡುಗಿ, ನನ್ನ ಕನ್ನಡದಲ್ಲಿ, ನನ್ನದೇ ರಾಗದಲ್ಲಿ. ನಂತರ ಹೊಟ್ಟೆಯಿಂದ ಎಮ್ಮೆಯ ದನಿ ತೆಗೆದಳು. ಪಕ್ಕದಲ್ಲಿದ್ದ ಖರೇ ಎಮ್ಮೆ ಕಿವಿ ಎತ್ತಿತು. ಆದರೆ ಅವಳ ಎಮ್ಮೆ ಒಲ್ಲೆ ಅನ್ನಲಿಲ್ಲ. "ಮಲಗ" ಅಂದಿತು. ಕೋಳಿಮರಿ ಅಲ್ಲೇ ಮಲಗಿತು. ನಾಯಿಯ ಹತ್ತಿರ, ಬೆಕ್ಕಿನ ಹತ್ತಿರ ಅಲೆಯುವ ಗೋಜೇ ಇಲ್ಲ. ಮೊದಲ ಪುಟದಲ್ಲೇ ಜಾಗ ಸಿಕ್ಕಿತು, ಕಥೆ ಮುಗಿಯಿತು. ಅಷ್ಟು ದಿನ ಆ ಮರಿಯನ್ನು ಸುಮ್ಮನೆ ಅಲೆದಾಡಿಸಿದೆನಲ್ಲ ಅಂತ ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಅಷ್ಟರಲ್ಲಿ ತಾಯಿ ಹೋಗಿ ಕರುವಿನ ಹಗ್ಗ ಬಿಚ್ಚಿದಳು. ಅದು ಒಂದೇ ನೆಗೆತಕ್ಕೆ ಎಮ್ಮೆಯ ಕೆಚ್ಚಲಿಗೆ ಬಿತ್ತು. ಕೇಳುವವರಿಲ್ಲದೆ ಆರೋಹಿಯ ಮುಖ ಬಾಡಿತು. ಇನ್ನೇನು ಅಳಬೇಕು, ಆಗ ಬಣವೆಯ ಬದಿಯಲ್ಲಿ ನಾವು ಅವಳ ಕಣ್ಣಿಗೆ ಬಿದ್ದೆವು. ಅವಳು ಓಡಲಿಲ್ಲ, ಬೆನ್ನೂ ಮಾಡಲಿಲ್ಲ. ನಮ್ಮ ಮೂವರನ್ನೂ ಮೇಲಿಂದ ಕೆಳಗೆ ಒಮ್ಮೆ ನೋಡಿ, ನೆಲ ತೋರಿಸಿ, "ಬಸಾ" ಅಂದಳು. ಕೂಡಿ ಅಂತ.

ಬಾಯಿ ಮೊದಲು ಕೂತರು. ಅವರ ಪಕ್ಕದಲ್ಲಿ ರೇಷ್ಮಾ, ಅವಳ ಪಕ್ಕದಲ್ಲಿ ನಾನು. ಕೈ ಕಟ್ಟಬೇಕೆಂದು ಸನ್ನೆಯಾಯಿತು, ಕಟ್ಟಿದೆವು. ಆರೋಹಿ ಕೆಮ್ಮಿದಳು, ಸೆರಗು ಸರಿಮಾಡಿಕೊಂಡಳು, ಹೆಂಚನ್ನು ಎರಡೂ ಕೈಯಲ್ಲಿ ಎತ್ತಿ ನಮ್ಮ ಕಡೆ ತಿರುಗಿಸಿ, ಬಾಯಿಯವರಿಗೆ ತೋರಿಸಿ, ರೇಷ್ಮಾಗೆ ತೋರಿಸಿ, ಕೊನೆಗೆ ನನ್ನ ಎದುರು ತಂದು ಹಿಡಿದಳು. ನನ್ನ ಕಣ್ಣಲ್ಲಿ ನೇರವಾಗಿ ನೋಡುತ್ತ ಕೇಳಿದಳು, "ಕಾಣತೈತೇನು?"

ಕೆಂಪು ಹೆಂಚು, ಅಂಚಿಗೆ ಒಂದಿಷ್ಟು ಪಾಚಿ.

"ಕಾಣತೈತ್ರಿ ಬಾಯಿ," ಅಂದೆ. "ಓದ್ರಿ."